ಜೀವವಿಜ್ಞಾನದ ಶಿಕ್ಷಕಿಯಾಗಲು ನಾನು ಓದಿದ ಓದು

ಪ್ರೌಢಶಾಲೆಯಲ್ಲಿ ಜೀವವಿಜ್ಞಾನ ಬೋಧಿಸಬೇಕೆಂದು ಬಯಸುವ ವಿದ್ಯಾರ್ಥಿಗಳು ನನ್ನಲ್ಲಿ ಹೆಚ್ಚಾಗಿ ವಿಚಾರಿಸುವುದು ಯಾವ ಬಿ.ಎಡ್. ಕಾಲೇಜು ಒಳ್ಳೆಯದು ಎಂದು. ನನ್ನ ಅನುಭವದಲ್ಲಿ ಅರ್ಹತೆಯ ಪ್ರಶ್ನೆ ಬಹುಮಟ್ಟಿಗೆ ತೀರ್ಮಾನವಾಗುವುದು ಅದಕ್ಕಿಂತ ಮೂರು ವರ್ಷ ಮುಂಚೆ, ಪಿಯುಸಿ ಮುಗಿಸಿ ಬಿ.ಎಸ್ಸಿ. ಪ್ರವೇಶದ ಅರ್ಜಿಯಲ್ಲಿ ಐಚ್ಛಿಕ ವಿಷಯಗಳನ್ನು ತುಂಬುವಾಗ. ನಾನು ಆರಿಸಿಕೊಂಡದ್ದು ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಮತ್ತು ಪ್ರಾಣಿಶಾಸ್ತ್ರ, ಅಂದರೆ ಎಲ್ಲರೂ ಸಿಬಿಝಡ್ ಎಂದು ಕರೆಯುವ ಗುಂಪು. ಶಿಕ್ಷಕಿಯಾಗುವ ಉದ್ದೇಶ ಮೊದಲಿನಿಂದಲೂ ಇದ್ದುದರಿಂದ ಹಳೆಯ ನೇಮಕಾತಿ ಅಧಿಸೂಚನೆಗಳನ್ನು ಓದಿಕೊಂಡಿದ್ದೆ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನದ ಸಹ ಶಿಕ್ಷಕರ ಹುದ್ದೆಗಳು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಮತ್ತು ಸಿಬಿಝಡ್ ಎಂಬ ಎರಡು ಗುಂಪುಗಳಲ್ಲಿ ಬರುತ್ತವೆ ಎಂಬುದು ಅದರಿಂದಲೇ ತಿಳಿದಿತ್ತು. ಪರಿಸರ ವಿಜ್ಞಾನಕ್ಕೆಂದೇ ಪ್ರತ್ಯೇಕ ಹುದ್ದೆಯನ್ನು ನಾನು ಅವುಗಳಲ್ಲಿ ಕಾಣಲಿಲ್ಲ. ಆಹಾರ ಸರಪಳಿ, ಓಝೋನ್ ಪದರದ ನಾಶ, ತ್ಯಾಜ್ಯ ನಿರ್ವಹಣೆ ಮೊದಲಾದವು ವಿಜ್ಞಾನ ಪಠ್ಯದೊಳಗೇ ಬರುವುದರಿಂದ, ಅವನ್ನು ಬೋಧಿಸುವ ಹೊಣೆ ಜೀವವಿಜ್ಞಾನದ ಶಿಕ್ಷಕರ ಮೇಲೆಯೇ ಬೀಳುತ್ತದೆ.

ಈ ಆಯ್ಕೆಯ ತೂಕ ಎಷ್ಟೆಂಬುದು ಕೇಂದ್ರೀಯ ವಿದ್ಯಾಲಯಗಳ ನಿಯಮ ನೋಡಿದರೆ ಸ್ಪಷ್ಟವಾಗುತ್ತದೆ. ಅಲ್ಲಿ ವಿಜ್ಞಾನದ ಟಿಜಿಟಿ (ತರಬೇತಿ ಪಡೆದ ಪದವೀಧರ ಶಿಕ್ಷಕ) ಹುದ್ದೆಗೆ ಪದವಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಮತ್ತು ರಸಾಯನಶಾಸ್ತ್ರ ಮೂರನ್ನೂ ಓದಿರಬೇಕೆಂದು ಕೇಳುತ್ತಾರೆ. ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗೆ ಜೀವವಿಜ್ಞಾನ ಬೋಧಿಸುವ ಪಿಜಿಟಿ (ಸ್ನಾತಕೋತ್ತರ ಶಿಕ್ಷಕ) ಹುದ್ದೆಗೆ ಜೈವಿಕ ತಂತ್ರಜ್ಞಾನ ಅಥವಾ ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ. ಪದವೀಧರರನ್ನು ಪರಿಗಣಿಸುವಾಗಲೂ ಪದವಿಯಲ್ಲಿ ಸಸ್ಯಶಾಸ್ತ್ರ ಮತ್ತು ಪ್ರಾಣಿಶಾಸ್ತ್ರ ಇದ್ದಿರಬೇಕೆಂಬ ಷರತ್ತು ಇದೆ. ನನಗಿಂತ ಹೆಚ್ಚು ಅಂಕ ಪಡೆದಿದ್ದ ಗೆಳತಿಯೊಬ್ಬಳ ಅರ್ಜಿ ಒಂದು ನೇಮಕಾತಿಯಲ್ಲಿ ತಿರಸ್ಕೃತವಾದದ್ದು, ಅವಳ ಅಂಕಪಟ್ಟಿಯಲ್ಲಿ ಪ್ರಾಣಿಶಾಸ್ತ್ರ ಇರಲಿಲ್ಲ ಎಂಬ ಒಂದೇ ಕಾರಣಕ್ಕೆ. ರಾಜ್ಯದಲ್ಲಿ 2021ರಿಂದ ಕೆಲವು ವರ್ಷ ಮೂರರ ಬದಲು ಎರಡೇ ಪ್ರಧಾನ ವಿಷಯಗಳ ಪದವಿ ಜಾರಿಯಲ್ಲಿತ್ತು. ಆ ಅವಧಿಯಲ್ಲಿ ಸೇರಿದವರು ಅಧಿಸೂಚನೆಯ ಅರ್ಹತಾ ಕಲಮನ್ನು ತಮ್ಮ ಅಂಕಪಟ್ಟಿಯ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಓದುವುದು ಒಳ್ಳೆಯದು.

ಪದವಿಯಲ್ಲಿ ಎಲ್ಲರಿಗೂ ಕಡ್ಡಾಯವಾದ ಪರಿಸರ ಅಧ್ಯಯನದ ಪತ್ರಿಕೆಯೂ ಇತ್ತು. ಪರಿಸರ ಪ್ರಕರಣಗಳ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ 1991ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದ ಫಲವಾಗಿ ಬಂದ ಪತ್ರಿಕೆ ಅದು. ಉದ್ದೇಶ ದೊಡ್ಡದು, ನಡೆಯುವ ರೀತಿ ಮಾತ್ರ ಪರೀಕ್ಷೆಯ ಹಿಂದಿನ ದಿನ ಓದಿ ಮುಗಿಸುವಂಥದ್ದು. ಪರಿಸರವನ್ನು ಬೋಧಿಸುವ ನಿಜವಾದ ಸಾಮಗ್ರಿ ನನಗೆ ಸಿಕ್ಕಿದ್ದು ಸಸ್ಯಶಾಸ್ತ್ರದ ಪ್ರಾಯೋಗಿಕ ತರಗತಿಯಲ್ಲಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕವನ್ನು ಗೂಟ ಮತ್ತು ದಾರದಿಂದ ಗುರುತಿಸಿ, ಅದರೊಳಗೆ ಬೆಳೆದ ಪ್ರತಿ ಸಸ್ಯ ಪ್ರಭೇದವನ್ನೂ ಎಣಿಸಿ, ಅಂತಹ ಹಲವು ಚೌಕಗಳಿಂದ ಪ್ರಭೇದದ ಸಾಂದ್ರತೆಯನ್ನು ಲೆಕ್ಕ ಹಾಕುವ ಕೆಲಸ ಅದು. ಜನ ಓಡಾಡುವ ಹಾದಿಯ ಅಂಚಿನ ಚೌಕದಲ್ಲಿ ಗರಿಕೆಯಂಥ ಕೆಲವೇ ಸಸ್ಯಗಳು ತುಂಬಿಕೊಂಡಿದ್ದು, ಬೇಲಿಯ ಬುಡದ ಚೌಕದಲ್ಲಿ ಹೆಸರು ತಿಳಿಯದ ಹಲವಾರು ಸಸ್ಯಗಳು ಕಂಡಾಗ ಜೀವವೈವಿಧ್ಯವೆಂಬುದು ಎಣಿಸಿ ಹೇಳಬಹುದಾದ ಸಂಗತಿಯೆಂದು ಮನವರಿಕೆಯಾಯಿತು. ಇಂದಿಗೂ ನನ್ನ ತರಗತಿಯ ಮಕ್ಕಳಿಂದ ಶಾಲೆಯ ಆವರಣದಲ್ಲಿ ಇದನ್ನೇ ಮಾಡಿಸುತ್ತೇನೆ.

ಬಿ.ಎಡ್. ಪ್ರವೇಶದ ನಿಯಮಗಳು ಸರಳವಾಗಿವೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಾವಳಿಯ ಪ್ರಕಾರ ಪದವಿಯಲ್ಲಿ ಅಥವಾ ಸ್ನಾತಕೋತ್ತರ ಪದವಿಯಲ್ಲಿ ಕನಿಷ್ಠ ಶೇ. 50ರಷ್ಟು ಅಂಕಗಳಿರಬೇಕು, ಮೀಸಲಾತಿ ಉಳ್ಳವರಿಗೆ ಸರ್ಕಾರದ ನಿಯಮದಂತೆ ಸಡಿಲಿಕೆ ಇದೆ. ಒಂದು ವರ್ಷದ ಕೋರ್ಸು ಎರಡು ವರ್ಷದ್ದಾದದ್ದು ಈ ನಿಯಮಾವಳಿಯಿಂದಲೇ. ಹಾಜರಾತಿಯ ವಿಷಯದಲ್ಲಿ ಅದು ಬಿಗಿಯಾಗಿದೆ: ತರಗತಿ ಮತ್ತು ಪ್ರಾಯೋಗಿಕ ಕೆಲಸಕ್ಕೆ ಶೇ. 80, ಶಾಲಾ ಇಂಟರ್ನ್‌ಷಿಪ್‌ಗೆ ಶೇ. 90. ಬೋಧನಾ ವಿಷಯಗಳಾಗಿ ನಾನು ಜೀವವಿಜ್ಞಾನ ಮತ್ತು ರಸಾಯನಶಾಸ್ತ್ರವನ್ನು ತೆಗೆದುಕೊಂಡೆ. ಶಿಕ್ಷಣದ ತತ್ತ್ವ ಮತ್ತು ಮನೋವಿಜ್ಞಾನದ ಪತ್ರಿಕೆಗಳ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ, ಓದಿದರೆ ತೇರ್ಗಡೆಯಾಗುತ್ತವೆ.

ಸೂಕ್ಷ್ಮ ಬೋಧನೆಯನ್ನು ಮಾತ್ರ ಹಾಗೆ ತಳ್ಳಿಹಾಕಲಾರೆ. ಸಹಪಾಠಿಗಳನ್ನೇ ಮಕ್ಕಳೆಂದು ಭಾವಿಸಿ ಐದಾರು ನಿಮಿಷ ಒಂದೇ ಕೌಶಲವನ್ನು, ಉದಾಹರಣೆಗೆ ಪ್ರಶ್ನೆ ಕೇಳುವ ಕೌಶಲವನ್ನು, ಅಭ್ಯಾಸ ಮಾಡಿ, ವಿಮರ್ಶೆ ಕೇಳಿ, ಅದೇ ಪಾಠವನ್ನು ತಿದ್ದಿ ಮತ್ತೆ ಮಾಡಬೇಕು. ಪ್ರಶ್ನೆ ಕೇಳಿದ ಮರುಕ್ಷಣವೇ ಉತ್ತರವನ್ನೂ ಹೇಳಿಬಿಡುವ ಅಭ್ಯಾಸ ಪ್ರಶಿಕ್ಷಣಾರ್ಥಿಗಳಲ್ಲಿ ಬಹುತೇಕ ಎಲ್ಲರಿಗೂ ಇರುತ್ತದೆ, ಅದು ಹೋಗುವುದು ಇಲ್ಲಿಯೇ. ಅನಂತರ ಬರುವುದು ಇಂಟರ್ನ್‌ಷಿಪ್. ಎರಡು ವರ್ಷಗಳಲ್ಲಿ ಒಟ್ಟು 20 ವಾರ, ಅದರಲ್ಲಿ 16 ವಾರ ಎರಡನೆಯ ವರ್ಷದಲ್ಲಿ. ನನ್ನ ಮಾರ್ಗದರ್ಶಕ ಶಿಕ್ಷಕಿಯೊಬ್ಬರು ಪತ್ರರಂಧ್ರದ ಪಾಠಕ್ಕೆ ಮುನ್ನ ಪಾಠಯೋಜನೆಯನ್ನು ಪಕ್ಕಕ್ಕಿರಿಸಿ, "ಮೊದಲು ನೀವೇ ಒಂದು ಸ್ಲೈಡ್ ಮಾಡಿ ತೋರಿಸಿ, ಮೇಡಂ" ಎಂದರು. ಎಲೆಯನ್ನು ಓರೆಯಾಗಿ ಹರಿದು, ಕೆಳಭಾಗದ ಪಾರದರ್ಶಕ ಸಿಪ್ಪೆಯನ್ನು ಚಿಮುಟದಿಂದ ಬಿಡಿಸಿ, ಸ್ಯಾಫ್ರನಿನ್ ಬಣ್ಣದಲ್ಲಿ ಸ್ವಲ್ಪ ಹೊತ್ತು ಇಟ್ಟು, ನೀರಿನಲ್ಲಿ ತೊಳೆದು, ಗ್ಲಿಸರಿನ್ ಹನಿಯ ಮೇಲಿಟ್ಟೆ. ಕವರ್‌ಸ್ಲಿಪ್ಪನ್ನು ಒಂದು ಅಂಚಿನಲ್ಲಿ ತಾಗಿಸಿ, ಸೂಜಿಯ ಆಸರೆಯಲ್ಲಿ ನಿಧಾನವಾಗಿ ಇಳಿಸಬೇಕು. ಒಮ್ಮೆಲೇ ಬಿಟ್ಟರೆ ಗಾಳಿಗುಳ್ಳೆಗಳು ಸೇರಿಕೊಂಡು, ಅವುಗಳ ಕಪ್ಪು ಅಂಚಿನ ವೃತ್ತಗಳನ್ನೇ ಮಕ್ಕಳು ಪತ್ರರಂಧ್ರವೆಂದು ಚಿತ್ರ ಬಿಡಿಸುತ್ತಾರೆ. ಪದವಿಯ ಪ್ರಯೋಗಾಲಯದಲ್ಲಿ ಕೈ ಪಳಗಿಸಿಕೊಂಡವರಿಗೆ ಇಂಥ ಕಡೆ ಧೈರ್ಯ ತಾನಾಗಿ ಬರುತ್ತದೆ.

ಪದವಿ ಮತ್ತು ಬಿ.ಎಡ್. ಆದ ಮೇಲೆ ಉಳಿಯುವುದು ಪರೀಕ್ಷೆಗಳು. ಆರರಿಂದ ಎಂಟನೆಯ ತರಗತಿಯವರೆಗೆ ಬೋಧಿಸಲು ಎನ್‌ಸಿಟಿಇ 2010ರಿಂದ ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು ಕಡ್ಡಾಯಗೊಳಿಸಿದೆ. ನಾನು ಅದರ ಎರಡನೆಯ ಪತ್ರಿಕೆಯನ್ನು ಬಿ.ಎಡ್. ಪಾಠಗಳು ಹಸಿಯಾಗಿದ್ದಾಗಲೇ ಬರೆದೆ, ಏಕೆಂದರೆ ಅದರ ಶಿಶುವಿಕಾಸದ ಭಾಗವೆಲ್ಲ ಬಿ.ಎಡ್. ಪಠ್ಯವೇ. ಪಿಯುಸಿ ಮುಗಿಸುವಾಗಲೇ ಮನಸ್ಸು ಗಟ್ಟಿಯಾಗಿದ್ದವರಿಗೆ ಬೇರೆ ದಾರಿಯೂ ಇದೆ. 1963ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ವಿಜ್ಞಾನ ಪದವಿಯನ್ನೂ ಬಿ.ಎಡ್. ಅನ್ನೂ ಒಟ್ಟಿಗೆ ನಾಲ್ಕು ವರ್ಷಗಳಲ್ಲಿ ಓದುವ ವ್ಯವಸ್ಥೆ ಬಹಳ ಹಿಂದಿನಿಂದ ಇದೆ, ಪ್ರವೇಶ ಪರೀಕ್ಷೆ ಬರೆದು ಸೇರಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2030ರ ವೇಳೆಗೆ ಇಂಥ ನಾಲ್ಕು ವರ್ಷದ ಸಂಯೋಜಿತ ಪದವಿಯನ್ನೇ ಶಿಕ್ಷಕರ ಕನಿಷ್ಠ ಅರ್ಹತೆಯಾಗಿಸುವ ಗುರಿ ಇಟ್ಟುಕೊಂಡಿರುವುದರಿಂದ, ಈಗ ಪಿಯುಸಿಯಲ್ಲಿರುವವರು ನಾನು ಹಿಡಿದ ಐದು ವರ್ಷದ ದಾರಿಗಿಂತ ಮೊದಲು ಇದನ್ನೇ ಪರಿಶೀಲಿಸಲಿ ಎನ್ನುತ್ತೇನೆ. ಅಲ್ಲಿಯೂ ಗುಂಪು ಸಿಬಿಝಡ್ ಆಗಿರಲಿ.