ಅವಧಿ ಮುಗಿದ ಲೇಖನಗಳನ್ನು ನಾನು ಇಂಡೆಕ್ಸ್ ಸಮೇತ ಕಿತ್ತ ಬಗೆ

ನಾನು ನೀರ್ಚಾಲಿನಲ್ಲಿ ಐಎನ್‌ಎನ್ ಸಾಫ್ಟ್‌ವೇರ್ ಹಾಕಿ ಯೂಸ್‌ನೆಟ್ ನ್ಯೂಸ್ ಸರ್ವರ್ ಒಂದನ್ನು ನಡೆಸುತ್ತೇನೆ, ಇಂಟರ್ನೆಟ್‌ನ ಹಳೆಯ ಚರ್ಚಾ ಗುಂಪುಗಳ ಲೇಖನ ತರಿಸಿ ಓದುಗರಿಗೆ ಕೊಡುವ ಯಂತ್ರ. ಟ್ರ್ಯಾಡ್‌ಸ್ಪೂಲ್ (ಲೇಖನಕ್ಕೊಂದು ಫೈಲ್ ಇಡುವ ಬಗೆ) ಇಟ್ಟುಕೊಂಡರೆ ಎಕ್ಸ್‌ಪೈರಿ, ಅಂದರೆ ಅವಧಿ ಮುಗಿದದ್ದನ್ನು ಅಳಿಸುವ ತಲೆನೋವು ತಪ್ಪುವುದಿಲ್ಲ, ಸುಮ್ನೆ ಸಿಎನ್‌ಎಫ್‌ಎಸ್ (ನಿಗದಿತ ಗಾತ್ರದ ಬಫರ್‌ನಲ್ಲಿ ಎಲ್ಲ ತುಂಬುವ ಬಗೆ) ಹಾಕಿ ಮರೆತುಬಿಡು ಅಂತ ನನಗೆ ಹೇಳದವರಿಲ್ಲ. ಕುಂಬಳೆಯ ಗೆಳೆಯನಂತೂ "ನೀರ್ಚಾಲಿನ ಕರೆಂಟಿಗೆ ನ್ಯೂಸ್ ಸರ್ವರ್ ಬೇರೆ ಕೇಡು" ಅಂತ ನಕ್ಕಿದ್ದ. ಈಗ ವರ್ಷದ ಮೇಲಾಯಿತು. ಲೇಖನಗಳಿರುವ ಸ್ಪೂಲ್‌ನಲ್ಲಿ ಅವಧಿ ಮುಗಿದ ಲೇಖನ ಉಳಿಯುತ್ತಿಲ್ಲ, ಅವುಗಳ ಇಂಡೆಕ್ಸ್ ಆದ ಓವರ್‌ವ್ಯೂನಲ್ಲಿ ಸತ್ತ ಎಂಟ್ರಿ ಸಿಗುತ್ತಿಲ್ಲ. ದಿನದ ಕೆಲಸ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಹೇಗೆ ಅಂತ ಬರೆದಿಡುತ್ತೇನೆ, ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಭಾಗ.

ಯಂತ್ರ ದೊಡ್ಡದೇನಲ್ಲ. ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದ ಥಿನ್ ಕ್ಲೈಂಟ್, ನಾಲ್ಕೂವರೆ ಸಾವಿರ ಕೊಟ್ಟ ನೆನಪು. ಎಸ್‌ಎಸ್‌ಡಿ ಒಂದೂವರೆ ಸಾವಿರದ ಆಸುಪಾಸು. ಎಲ್ಲಕ್ಕಿಂತ ಜಾಸ್ತಿ ಹೋದದ್ದು ಇನ್ವರ್ಟರ್ ಬ್ಯಾಟರಿಗೆ, ಹನ್ನೆರಡು ಹದಿಮೂರು ಸಾವಿರ. ತುಲಾ ತಿಂಗಳ ಸಿಡಿಲಿಗೆ ಸುಟ್ಟ ಮೋಡೆಮ್‌ಗಳ ಲೆಕ್ಕ ಮನೆಯವರ ಮುಂದೆ ತೆಗೆಯುವುದಿಲ್ಲ. ಬರೀ ಟೆಕ್ಸ್ಟ್ ಗುಂಪುಗಳು, ಬೈನರಿ ಒಂದೂ ಇಲ್ಲ. ದಿನಕ್ಕೆ ಹತ್ತು ಸಾವಿರ ಲೇಖನ ಬರುತ್ತವೆ ಅಂತಿಟ್ಟುಕೊಳ್ಳಿ. ಓದುವವರು ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಏಳೆಂಟು ಮಂದಿ. ಅವರಲ್ಲಿ ಅರ್ಧಕ್ಕರ್ಧ ಜನ ಬರುವುದು ನಮ್ಮ ಲೋಕಲ್ ಗುಂಪಿನ ಅಡಿಕೆ ಧಾರಣೆ ನೋಡಲಿಕ್ಕೆ. ಅದನ್ನು ಒಂದು ಸ್ಕ್ರಿಪ್ಟ್ ದಿನಾ ಪೋಸ್ಟ್ ಮಾಡುತ್ತದೆ. ಹಳೆಯ ರೇಟು ತೆಗೆದು ನೋಡುವ ಚಟ ಎಲ್ಲರಿಗೂ ಇದೆ. ಹಾಗಾಗಿ ಆ ಗುಂಪಿಗೆ 'ನೆವರ್', ಎಂದೂ ಅಳಿಸುವುದಿಲ್ಲ. ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕಕ್ಕೂ 'ನೆವರ್'. ಉಳಿದವಕ್ಕೆ ಅರುವತ್ತು ದಿನ, ಕೆಲವಕ್ಕೆ ಎರಡೇ ದಿನ.

ಮೊದಲು ಎಲ್ಲರ ಮಾತು ಕೇಳಿ ಸಿಎನ್‌ಎಫ್‌ಎಸ್ಸೇ ಹಾಕಿದ್ದೆ. ಚೆನ್ನಾಗಿಯೇ ನಡೆಯುತ್ತಿತ್ತು. 2023ರ ಕೊನೆಯಲ್ಲಿ ಒಂದು ದೊಡ್ಡ ವೆಬ್ ಗೇಟ್‌ವೇ ಮೂಲಕ ಕಸ ಸುರಿಯಿತಲ್ಲ, ಆಗ ಗೊತ್ತಾಯಿತು ಅದರ ಹಣೆಬರಹ. ಬಫರ್ ತುಂಬಿದರೆ ಹಳೆಯದರ ಮೇಲೆ ಹೊಸದು ಬರೆಯುವುದೇ ಅದರ ಕೆಲಸ. ಅದಕ್ಕೆ ಗಾತ್ರ ಗೊತ್ತು, ದಿನ ಗೊತ್ತಿಲ್ಲ. ಜೂಜಿನ ಜಾಹೀರಾತು ಬಂದು ಕುಳಿತದ್ದಕ್ಕೆ ಒಳ್ಳೊಳ್ಳೆಯ ಚರ್ಚೆಗಳೆಲ್ಲ ಕೊಚ್ಚಿಹೋದವು. ಗುಂಪಿಗೊಂದು ಬಫರ್ ಮಾಡು ಅಂದರು. ಯಾವ ಗುಂಪಿಗೆ ಎಷ್ಟು ಬೇಕು ಅಂತ ಮೊದಲೇ ಯಾರಿಗೆ ಗೊತ್ತು? ನನಗೆ ಬೇಕಾದದ್ದು ದಿನದ ಲೆಕ್ಕ. ಟ್ರ್ಯಾಡ್‌ಸ್ಪೂಲ್‌ಗೆ ಬಂದೆ, ಗುಂಪು ಗುಂಪಿಗೆ ಬೇರೆ ಅವಧಿ ಕೊಡಲು ಬಿಡುವ ಗ್ರೂಪ್‌ಬೇಸ್‌ಎಕ್ಸ್‌ಪೈರಿ ಆನ್ ಮಾಡಿದೆ.

ನಮ್ಮಲ್ಲಿ ಕೆಲವರಿಗೆ ಇನ್ನೊಂದು ಅಭ್ಯಾಸ ಇದೆ: ಫೈಂಡ್ ಕೊಟ್ಟು, ಎಂಟೈಮ್ (ಫೈಲ್ ಕೊನೆಗೆ ಬದಲಾದ ಹೊತ್ತು) ನೋಡಿ, ಡಿಲೀಟ್ ಮಾಡುವುದು. ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಎರಡು ಸಾಲಿನ ಕ್ರಾನ್, ಡಿಸ್ಕ್ ಖಾಲಿ. ಅದನ್ನೂ ಸ್ವಲ್ಪ ಕಾಲ ನಡೆಸಿ ನೋಡಿದೆ. ಫೈಲ್ ಹೋಗುತ್ತದೆ, ಓವರ್‌ವ್ಯೂನಲ್ಲಿ ಎಂಟ್ರಿ ಹಾಗೇ ಇರುತ್ತದೆ. ತೀರಿಕೊಂಡವರ ಹೆಸರು ರೇಷನ್ ಕಾರ್ಡಿನಲ್ಲಿ ಉಳಿದ ಹಾಗೆ. ಓದುವವನಿಗೆ ಸಬ್ಜೆಕ್ಟ್ ಕಾಣುತ್ತದೆ, ಒತ್ತಿದರೆ 423, ಅಂದರೆ 'ಆ ಲೇಖನ ಇಲ್ಲ' ಅಂತ ಬರುತ್ತದೆ. ಪೆರ್ಲದ ಮಾಸ್ತರರು ದಿನಾ ಫೋನ್ ಮಾಡುತ್ತಿದ್ದರು. ಓವರ್‌ವ್ಯೂನಿಂದ ಹಳೆಯದನ್ನು ಕೀಳುವ ಎಕ್ಸ್‌ಪೈರ್‌ಓವರ್‌ನ ವಾಡಿಕೆ ಹೀಗೆ: ಲೇಖನ ನಿಜಕ್ಕೂ ಇದೆಯಾ ಅಂತ ಅದು ನೋಡುವುದು ಸಿಎನ್‌ಎಫ್‌ಎಸ್‌ನಂಥ ತಾನೇ ಅಳಿಸಿಕೊಳ್ಳುವ ಸ್ಟೋರೇಜ್‌ಗೆ ಮಾತ್ರ. ಟ್ರ್ಯಾಡ್‌ಸ್ಪೂಲ್ ಫೈಲನ್ನು ನೀವು ಹೊರಗಿಂದ ಅಳಿಸಿದರೆ ಅದು ನಂಬಿಕೊಂಡೇ ಕೂರುತ್ತದೆ. ಹೈಫನ್-ಎಸ್ ಕೊಟ್ಟರೆ ಮಾತ್ರ ಒಂದೊಂದನ್ನೂ ಇದೆಯಾ ಅಂತ ಸ್ಟ್ಯಾಟ್ ಮಾಡಿ ನೋಡುತ್ತದೆ.

ನಿಜವಾದ ಪೆಟ್ಟು ಬಿದ್ದದ್ದು 2024ರ ಜನವರಿಯಲ್ಲಿ. ಡಿಸ್ಕ್ ಲೆಕ್ಕ ಹೇಳುವ ಡಿಎಫ್ ಕೊಟ್ಟರೆ ಜಾಗ ಅರ್ಧಕ್ಕರ್ಧ ಖಾಲಿ. ಸರ್ವರ್ ಮಾತ್ರ ಥ್ರಾಟಲ್, ಹೊಸ ಲೇಖನ ತೆಗೆದುಕೊಳ್ಳುತ್ತಿಲ್ಲ. ಡಿಎಫ್ ಹೈಫನ್-ಐ ಕೊಟ್ಟರೆ ಇನೋಡ್ (ಫೈಲಿಗೊಂದರಂತೆ ಬೇಕಾಗುವ ದಾಖಲೆ) ನೂರಕ್ಕೆ ನೂರು ಖರ್ಚು. ಸ್ಪೂಲ್ ಇದ್ದದ್ದು 32 ಜಿಬಿ ಪಾರ್ಟಿಷನ್‌ನಲ್ಲಿ. ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ತನ್ನಷ್ಟಕ್ಕೆ 16 ಕೆಬಿಗೆ ಒಂದು ಇನೋಡ್ ಇಡುತ್ತದೆ, ಅಂದರೆ ಒಟ್ಟು ಇಪ್ಪತ್ತು ಲಕ್ಷ. ಲೇಖನಕ್ಕೊಂದು ಫೈಲ್, ಅರುವತ್ತು ದಿನದ ಕಸ, ಎಲ್ಲಿ ಸಾಕಾಗುತ್ತದೆ? ತಮಾಷೆ ಮುಂದಿದೆ. ಅಳಿಸಲಿಕ್ಕೆ ಅಂತ ಎಕ್ಸ್‌ಪೈರ್‌ಓವರ್ ಓಡಿಸಿದರೆ ಅದೂ ಬಿದ್ದಿತು. ನಾನು ಓವರ್‌ವ್ಯೂ ಇಟ್ಟ ಬಗೆ ಟ್ರ್ಯಾಡ್‌ಇಂಡೆಕ್ಸ್ಡ್, ಅದರಲ್ಲಿ ಪ್ರತಿ ಗುಂಪಿಗೂ ಹೊಸ ಐಡಿಎಕ್ಸ್, ಹೊಸ ಡಿಎಟಿ ಫೈಲ್ ಬರೆದು, ಆಮೇಲೆ ಹಳೆಯದರ ಹೆಸರಿಗೆ ಬದಲಿಸುವುದು ಕ್ರಮ. ಹೊಸ ಫೈಲಿಗೆ ಇನೋಡ್ ಬೇಕು. ಇನೋಡ್ ಬಿಡಿಸಲಿಕ್ಕೆ ಇನೋಡ್ ಬೇಕು! ಬಂದ ಲೇಖನಗಳ ಐಡಿ ನೆನಪಿಡುವ ಹಿಸ್ಟರಿಯದ್ದೂ ಅದೇ ಕಥೆ, ಎಕ್ಸ್‌ಪೈರ್ ಇಡೀ ಫೈಲನ್ನು ಪಕ್ಕದಲ್ಲಿ ಹೊಸದಾಗಿ ಬರೆಯುತ್ತದೆ.

ಆವತ್ತು ಎರಡು ಕಸದ ಗುಂಪುಗಳ ಲೇಖನಗಳ ಪಟ್ಟಿಯನ್ನು, ಒಟ್ಟಾಗಿ ಅಳಿಸುವ ಫಾಸ್ಟ್‌ಆರ್‌ಎಂಗೆ ಕೊಟ್ಟು ಉಸಿರಾಡಲು ಜಾಗ ಮಾಡಿದೆ. ಆಮೇಲೆ ಹೈಫನ್-ಎಸ್ ಹಾಕಿ ಎಕ್ಸ್‌ಪೈರ್‌ಓವರ್. ಎರಡು ಗಂಟೆಗೂ ಮೇಲೆ ಓಡಿತು. ಮಧ್ಯೆ ಎರಡು ಸಲ ಕರೆಂಟ್ ಹೋಯಿತು, ಬ್ಯಾಟರಿಯ ದುಡ್ಡು ಆವತ್ತೇ ವಸೂಲಾಯಿತು.

ಈಗಿನ ವ್ಯವಸ್ಥೆ ಹೀಗಿದೆ. ಸ್ಪೂಲ್ ಪಾರ್ಟಿಷನ್‌ಗೆ, ಫಾರ್ಮ್ಯಾಟ್ ಮಾಡುವ ಎಂಕೆಇ2ಎಫ್‌ಎಸ್‌ನಲ್ಲಿ ಹೈಫನ್-ದೊಡ್ಡ ಟಿ ಹಾಕಿ 'ನ್ಯೂಸ್' ಅಂತ ಕೊಟ್ಟೆ. ಅದು ನಮ್ಮಂಥವರಿಗೇ ಇಟ್ಟದ್ದು, 4 ಕೆಬಿಗೆ ಒಂದು ಇನೋಡ್. ಅದೇ ಪಾರ್ಟಿಷನ್‌ನಲ್ಲಿ ಎಂಬತ್ತು ಲಕ್ಷದ ಹತ್ತಿರ ಸಿಕ್ಕಿತು. ಇನೋಡ್ ಟೇಬಲ್ಲೇ 2 ಜಿಬಿ ತಿನ್ನುತ್ತದೆ, ತಿನ್ನಲಿ. ಓವರ್‌ವ್ಯೂ, ಹಿಸ್ಟರಿ ಎರಡನ್ನೂ ಬೇರೆ ಪಾರ್ಟಿಷನ್‌ಗೆ ಒಯ್ದೆ. ಇನೋಡ್ ಎಷ್ಟು ಉಳಿದಾಗ ಸರ್ವರನ್ನು ಥ್ರಾಟಲ್ ಮಾಡಬೇಕು ಅನ್ನುವ ಇನ್‌ವಾಚ್‌ಸ್ಪೂಲ್‌ನೋಡ್ಸ್ ತಾನಾಗಿ 200 ಇರುತ್ತದೆ, ಅದನ್ನು ಇಪ್ಪತ್ತು ಸಾವಿರಕ್ಕೆ ಏರಿಸಿದೆ. 200 ಉಳಿದಾಗ ತಡೆದು ಏನು ಮಾಡುವುದು? ಸ್ಪೂಲ್‌ನಲ್ಲಿ ಒಂದು ಡೈರೆಕ್ಟರಿ ತುಂಬ ಸಾವಿರಾರು ಖಾಲಿ ಫೈಲ್ ಕೂಡ ಇಟ್ಟಿದ್ದೇನೆ. ಆಪತ್ತು ಬಂದರೆ ಅದನ್ನು ಅಳಿಸಿದರಾಯಿತು.

ದಿನದ ಕೆಲಸ ಓಡಿಸುವ ನ್ಯೂಸ್.ಡೈಲಿಗೆ ಎಕ್ಸ್‌ಪೈರ್‌ಓವರ್, ಲೋಮಾರ್ಕ್ (ಗುಂಪಿನ ಮೊದಲ ಲೇಖನದ ನಂಬರ್ ಸರಿಮಾಡಲು), ಡಿಲೇಆರ್‌ಎಂ ಮೂರೂ ಕೊಡುತ್ತೇನೆ. ಡಿಲೇಆರ್‌ಎಂ ಬೇಡ ಅನ್ನುವವರಿದ್ದಾರೆ. ನಮ್ಮ ಊರಿನಲ್ಲಿ ಬೇಕೇ ಬೇಕು. ಅದು ಕೂಡಲೇ ಅಳಿಸದೆ, ಅಳಿಸಬೇಕಾದವುಗಳ ಪಟ್ಟಿಯನ್ನು ಡಿಸ್ಕ್‌ನಲ್ಲಿ ಬರೆದಿಡುತ್ತದೆ. ನಡುವೆ ಬ್ಯಾಟರಿಯೂ ಕೈಕೊಟ್ಟರೆ, ಆಮೇಲೆ ಅದೇ ಪಟ್ಟಿಯನ್ನು ಎಕ್ಸ್‌ಪೈರ್‌ಆರ್‌ಎಂಗೆ ಕೊಟ್ಟು ಕೆಲಸ ಮುಗಿಸಬಹುದು. ಆದಿತ್ಯವಾರ ಮಾತ್ರ ಎಕ್ಸ್‌ಪೈರ್‌ಓವರ್‌ಫ್ಲ್ಯಾಗ್ಸ್‌ನಲ್ಲಿ ಹೈಫನ್-ಎಸ್ ಸೇರಿಸುತ್ತೇನೆ, ಹಿಂದಿನ ದಿನ ಟಿಡಿಎಕ್ಸ್-ಯುಟಿಲ್‌ನಿಂದ ಓವರ್‌ವ್ಯೂನ ಒಂದು ಆಡಿಟ್. ಹೊತ್ತು? ನಡುರಾತ್ರಿ ಅಲ್ಲ, ಮಧ್ಯಾಹ್ನ. ಮಳೆಗಾಲದಲ್ಲಿ ರಾತ್ರಿ ಕರೆಂಟ್ ಹೋದರೆ ಬೆಳಗ್ಗೆಯೇ ಬರುವುದು.

ಇನ್ನೊಂದು ಕಿರಿಕಿರಿ ಕ್ರಾಸ್‌ಪೋಸ್ಟ್. ಎರಡು ದಿನದ ಗುಂಪಿಗೂ 'ನೆವರ್' ಗುಂಪಿಗೂ ಒಟ್ಟಿಗೆ ಹಾಕಿದ ಕಸ, ಎರಡನೆಯದರಲ್ಲಿ ಶಾಶ್ವತವಾಗಿ ಠಿಕಾಣಿ ಹೂಡುತ್ತದೆ. ಅವಧಿ ಬರೆದಿಡುವ ಎಕ್ಸ್‌ಪೈರ್.ಸಿಟಿಎಲ್‌ನಲ್ಲಿ ಕಸದ ಗುಂಪುಗಳಿಗೆ ಬರೀ 'ಎ' ಅಲ್ಲ, 'ಎಎಕ್ಸ್' ಕೊಡಿ. ಅಲ್ಲಿ ಅವಧಿ ಮುಗಿದರೆ ಎಲ್ಲ ಗುಂಪುಗಳಿಂದಲೂ ಹೋಗುತ್ತದೆ. ಸಾಲುಗಳಲ್ಲಿ ಕೊನೆಗೆ ಹೊಂದುವುದೇ ಗೆಲ್ಲುವುದು ಅನ್ನುವುದು ನೆನಪಿರಲಿ, ಇಲ್ಲದಿದ್ದರೆ ಅಡಿಕೆ ಧಾರಣೆಯೂ ಜೊತೆಗೆ ಹೋದೀತು. ಯಾವ ಗುಂಪು ಕಸದ್ದು ಅಂತ ಗುರುತಿಸಲು ನಾನು ಎರಡು ಹೆಡರ್ ನೋಡಿ ಲೆಕ್ಕ ಹಾಕುತ್ತೇನೆ. ಅವು ಯಾವುವು ಅಂತ ಹೇಳುವುದಿಲ್ಲ, ಕಸ ಹಾಕುವವರೂ ಓದುತ್ತಾರೆ.

ಹಿಸ್ಟರಿ ಸಣ್ಣದಾಗಲಿ ಅಂತ, ಅಳಿಸಿದ ಲೇಖನದ ಐಡಿ ಎಷ್ಟು ದಿನ ನೆನಪಿರಬೇಕು ಅನ್ನುವ ರಿಮೆಂಬರ್ ಸಾಲನ್ನು 11ರಿಂದ 2ಕ್ಕೆ ಇಳಿಸಿಯೂ ನೋಡಿದೆ, ಪ್ರಯೋಗಕ್ಕೆ. ಕರೆಂಟ್ ಹೋಗಿ ಬಂದ ಮೇಲೆ ಪೀರ್‌ಗಳ (ನನಗೆ ಲೇಖನ ಕಳಿಸುವ ಸರ್ವರ್‌ಗಳ) ಬ್ಯಾಕ್‌ಲಾಗ್ ಹರಿದಾಗ, ಅಳಿಸಿದ ಲೇಖನಗಳೇ ಹೊಸ ನಂಬರ್ ಹಾಕಿಕೊಂಡು ವಾಪಸ್ ಬಂದವು. ಆರ್ಟ್‌ಕಟಾಫ್ (ಇದಕ್ಕಿಂತ ಹಳೆಯ ಲೇಖನ ಬೇಡ ಅನ್ನುವ ಮಿತಿ) 10 ದಿನ ಇರುವಾಗ ರಿಮೆಂಬರ್ ಅದಕ್ಕಿಂತ ಒಂದಾದರೂ ಜಾಸ್ತಿ ಇರಬೇಕು. ಉಳಿದದ್ದು ಒಂದಿಷ್ಟು ಎಂಬಿ, ಅಷ್ಟೇ.

2024ರ ಫೆಬ್ರವರಿಯಲ್ಲಿ ಆ ಗೇಟ್‌ವೇ ಬಾಗಿಲು ಮುಚ್ಚಿತು. ಕುಂಬಳೆಯವನು ಶುರು ಮಾಡಿದ, "ಕಸವೇ ನಿಂತ ಮೇಲೆ ನಿನ್ನ ಹೆಚ್ಚುಗಾರಿಕೆ ಏನು?" ಸರಿ ಅಂತ ಹಳೆಯ ಕಸದ ಬ್ಯಾಚ್‌ಗಳನ್ನು ಎತ್ತಿಟ್ಟದ್ದನ್ನು ತೆಗೆದೆ. ಇನ್ನೊಂದು ಹಳೆಯ ಪೆಟ್ಟಿಗೆಯಲ್ಲಿ ಇದೇ ಸೆಟಪ್ ಹಾಕಿ, ಆರ್ಟ್‌ಕಟಾಫ್ ಸೊನ್ನೆ ಮಾಡಿ, ಬ್ಯಾಚ್‌ಗಳನ್ನು ಸರ್ವರ್‌ಗೆ ಕೊಡುವ ಆರ್‌ನ್ಯೂಸ್ ಮೂಲಕ ದಿನಕ್ಕೆ ನಲುವತ್ತು ಸಾವಿರದ ಲೆಕ್ಕದಲ್ಲಿ ಸುರಿದೆ. ಅವನೇ ಬಂದು ಕುಳಿತು ನೋಡಿದ. ಎಕ್ಸ್‌ಪೈರಿ ಇಪ್ಪತ್ತು ನಿಮಿಷ ದಾಟಲಿಲ್ಲ, ಆಡಿಟ್‌ನಲ್ಲಿ ಒಂದು ದೂರೂ ಬರಲಿಲ್ಲ. ಚಹಾ ಕುಡಿದು, ನನ್ನ ಎಕ್ಸ್‌ಪೈರ್.ಸಿಟಿಎಲ್ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಹೋದ.

ಈಗ ಆ ಪೆಟ್ಟಿಗೆಯಲ್ಲಿ ಐಎನ್‌ಎನ್ 2.7ರ ಓವಿ-ಎಸ್‌ಕ್ಯೂಲೈಟ್ (ಓವರ್‌ವ್ಯೂವನ್ನು ಡೇಟಾಬೇಸ್‌ನಲ್ಲಿಡುವ ಬಗೆ) ಓಡುತ್ತಿದೆ. ಎಂಟ್ರಿ ಅಳಿಸಿದರೂ ಡೇಟಾಬೇಸ್ ಫೈಲ್ ಸಣ್ಣದಾಗುವುದಿಲ್ಲ, ಖಾಲಿ ಪುಟಗಳನ್ನು ಹೊಸ ಎಂಟ್ರಿಗೆ ಬಳಸಿಕೊಳ್ಳುತ್ತದೆ. ಕಂಪ್ರೆಸ್ ಆನ್ ಮಾಡಿದರೆ ಗಾತ್ರ ಚೆನ್ನಾಗಿ ಇಳಿಯಿತು, ಪ್ರೊಸೆಸರ್ ಮಾತ್ರ ಸ್ವಲ್ಪ ಏದುಸಿರು ಬಿಡುತ್ತದೆ. ಗುಂಪಿಗೆರಡು ಫೈಲಿನ ಗೋಜಿಲ್ಲದ್ದು ಹಿಡಿಸಿದೆ. ಆದರೆ ಕರೆಂಟ್ ಪಟಕ್ಕನೆ ಹೋದರೆ ಏನಾಗುತ್ತದೆ ಅಂತ ನೋಡದೆ ಮೇನ್ ಸರ್ವರ್‌ಗೆ ಹಾಕುವುದಿಲ್ಲ. ಈ ಪೆಟ್ಟಿಗೆಗೆ ಬೇಕೆಂದೇ ಇನ್ವರ್ಟರ್ ಲೈನ್ ಕೊಟ್ಟಿಲ್ಲ. ಒಂದು ಮಳೆಗಾಲ ಕಳೆಯಲಿ.