ಕ್ಯಾನ್ಸರ್ ಸ್ಕ್ಯಾನ್‌ನಲ್ಲಿ ಶ್ವಾಸಕೋಶದ ಸೋಂಕು ಕಂಡರೆ ಏನು ಮಾಡಬೇಕು?

ಕೀಮೋಥೆರಪಿ ಎಷ್ಟು ಫಲ ಕೊಟ್ಟಿದೆ ಎಂದು ತಿಳಿಯಲು ಪೆಟ್-ಸಿಟಿ (ಪೆಟ್, ಸಿಟಿ ಎರಡನ್ನೂ ಒಟ್ಟಿಗೆ ತೆಗೆಯುವ ಸ್ಕ್ಯಾನ್) ಮಾಡಿಸಿದ್ದೀರಿ. ಗಡ್ಡೆ ಕುಗ್ಗಿದೆ ಎಂಬ ನೆಮ್ಮದಿಯ ಸಾಲಿನ ಕೆಳಗೇ ಇನ್ನೊಂದು ಸಾಲಿದೆ: ಎರಡೂ ಶ್ವಾಸಕೋಶಗಳಲ್ಲಿ ಹೊಸದಾಗಿ ‘ಗ್ರೌಂಡ್ ಗ್ಲಾಸ್ ಒಪ್ಯಾಸಿಟಿ’ ಎಂಬ ಮಸುಕು, ವೈರಲ್ ನ್ಯುಮೋನಿಯಾ ಇರಬಹುದು. ಕೆಮ್ಮಿಲ್ಲ, ಜ್ವರವಿಲ್ಲ, ಆದರೂ ಹೀಗೆ ಬರೆದಿದ್ದಾರೆ. 2020ರಲ್ಲಿ ಕೋವಿಡ್ ಹಬ್ಬಿದ್ದಾಗ ಇಟಲಿಯ ಬ್ರೆಸಿಯಾದ ವೈದ್ಯರು, ಬೇರೆ ಕಾರಣಕ್ಕೆ ಸ್ಕ್ಯಾನ್‌ಗೆ ಬಂದಿದ್ದ ಲಕ್ಷಣರಹಿತ ರೋಗಿಗಳಲ್ಲೂ ಇಂಥದೇ ಗುರುತುಗಳನ್ನು ಕಂಡು ವರದಿ ಮಾಡಿದ್ದರು.

ಮೊದಲು ತಿಳಿಯಬೇಕಾದದ್ದು, ಸ್ಕ್ಯಾನ್‌ನಲ್ಲಿ ಹೊಳೆಯುವುದೆಲ್ಲ ಕ್ಯಾನ್ಸರ್ ಅಲ್ಲ. ಸ್ಕ್ಯಾನ್‌ಗೆ ಮುನ್ನ ರಕ್ತನಾಳಕ್ಕೆ ಚುಚ್ಚುವ ಎಫ್‌ಡಿಜಿ ಎಂಬುದು ವಿಕಿರಣ ಸೂಸುವ ಫ್ಲೋರಿನ್-18 ಜೋಡಿಸಿದ ಸಕ್ಕರೆ. ಕ್ಯಾನ್ಸರ್ ಕೋಶಗಳು ಅದನ್ನು ಹೆಚ್ಚಾಗಿ ಹೀರುತ್ತವೆ, ನಿಜ. ಆದರೆ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳಿಗೂ ಸಕ್ಕರೆಯ ಹಸಿವು ಕಡಿಮೆಯೇನಲ್ಲ. ವರದಿಯಲ್ಲಿ ಬರುವ ‘ಎಸ್‌ಯುವಿ’ ಸಂಖ್ಯೆ ಆ ಹೀರುವಿಕೆಯ ಅಳತೆ. ಸೋಂಕು, ಕ್ಯಾನ್ಸರ್ ಎರಡರಲ್ಲೂ ಅದು ಏರಬಹುದಾದ್ದರಿಂದ ಆ ಒಂದೇ ಸಂಖ್ಯೆ ಹಿಡಿದು ತೀರ್ಮಾನಕ್ಕೆ ಬರಬೇಡಿ.

ಆಮೇಲೆ ವರದಿಯನ್ನು ಪೂರ್ತಿ ಓದಿ. ಬಹಳ ಜನ ಕೊನೆಯ ‘ಇಂಪ್ರೆಷನ್’ (ಸಾರಾಂಶ) ಓದಿ ಕಾಗದ ಮಡಚಿಬಿಡುತ್ತಾರೆ. ಶ್ವಾಸಕೋಶದ ವಿವರ ಇರುವುದು ‘ಥೊರಾಕ್ಸ್’ ಅಥವಾ ‘ಚೆಸ್ಟ್’ ಭಾಗದಲ್ಲಿ. ಗ್ರೌಂಡ್ ಗ್ಲಾಸ್ ಎಂದರೆ ಉಜ್ಜಿದ ಗಾಜಿನಂಥ ಮಸುಕು. ಅದರೊಳಗಿನ ರಕ್ತನಾಳಗಳು ಇನ್ನೂ ಕಾಣುತ್ತಿರುತ್ತವೆ. ಅವೂ ಮುಚ್ಚಿಹೋಗುವಷ್ಟು ದಟ್ಟವಾದರೆ ಅದಕ್ಕೆ ‘ಕನ್ಸಾಲಿಡೇಷನ್’ ಎನ್ನುತ್ತಾರೆ. ಮಸುಕು ಎರಡೂ ಕಡೆ, ಅಂಚಿನಲ್ಲಿ, ಕೆಳಭಾಗದಲ್ಲಿ ಹರಡಿದ್ದರೆ ಕೋವಿಡ್‌ನಂಥ ವೈರಸ್ ಮೇಲೆ ಅನುಮಾನ ಬರುತ್ತದೆ.

ಅನುಮಾನವೇ ಹೊರತು ಖಚಿತವಲ್ಲ. ಪೆಂಬ್ರೊಲಿಜುಮ್ಯಾಬ್, ನಿವೊಲುಮ್ಯಾಬ್‌ನಂಥ ಇಮ್ಯುನೊಥೆರಪಿ ಔಷಧಗಳಿಂದಲೂ ಶ್ವಾಸಕೋಶದಲ್ಲಿ ಉರಿಯೂತವಾಗಿ ಇದೇ ಚಿತ್ರ ಮೂಡಬಹುದು. ಬ್ಲಿಯೊಮೈಸಿನ್ ಎಂಬ ಕೀಮೋ ಔಷಧ ಕೂಡ ಆ ಸಾಲಿಗೆ ಸೇರುತ್ತದೆ. ರೇಡಿಯೇಷನ್‌ನಿಂದ ಆದದ್ದಾದರೆ ಹೆಚ್ಚಾಗಿ ಕಿರಣ ಬಿದ್ದ ಜಾಗದಲ್ಲೇ ಕಾಣುತ್ತದೆ. ಔಷಧದ ಉರಿಯೂತಕ್ಕೆ ಸ್ಟೀರಾಯ್ಡ್ ಬೇಕಾಗಬಹುದು, ಸೋಂಕಿನಲ್ಲಿ ಅದೇ ಸ್ಟೀರಾಯ್ಡ್ ಕೆಡುಕು ಮಾಡಬಹುದು. ‘ವೈರಸ್ ಅಷ್ಟೇ ತಾನೆ’ ಎಂದು ಸುಮ್ಮನಿರುವುದು ತಪ್ಪೆನ್ನುವುದು ಇದಕ್ಕೇ.

ಹಾಗಾಗಿ ಮುಂದಿನ ಭೇಟಿಯವರೆಗೆ ಕಾಯದೆ ಅದೇ ದಿನ ನಿಮ್ಮ ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಿ. ಕೊನೆಯ ಕೀಮೋ ಯಾವ ದಿನ ಆಯಿತು, ಯಾವ ಔಷಧ, ಮನೆಯಲ್ಲಿ ಯಾರಿಗಾದರೂ ನೆಗಡಿ-ಜ್ವರ ಇತ್ತೇ, ಇತ್ತೀಚೆಗೆ ಲಸಿಕೆ ಹಾಕಿಸಿಕೊಂಡಿದ್ದೀರಾ, ಯಾವ ತೋಳಿಗೆ ಎಂಬುದನ್ನು ಬರೆದಿಟ್ಟುಕೊಂಡೇ ಮಾತನಾಡಿ. ತೋಳಿನ ಪ್ರಶ್ನೆ ವಿಚಿತ್ರ ಅನ್ನಿಸಬಹುದು. ಲಸಿಕೆ ಪಡೆದ ಕಡೆಯ ಕಂಕುಳಿನ ದುಗ್ಧಗ್ರಂಥಿಗಳು ಕೆಲವು ವಾರ ಸ್ಕ್ಯಾನ್‌ನಲ್ಲಿ ಹೊಳೆಯುವುದುಂಟು; ಸ್ತನ ಕ್ಯಾನ್ಸರ್ ಇದ್ದವರಲ್ಲಿ ಅದು ಸುಮ್ಮನೆ ಗಾಬರಿ ಹುಟ್ಟಿಸುತ್ತದೆ.

ವೈದ್ಯರು ಸಾಮಾನ್ಯವಾಗಿ ಮೂಗು-ಗಂಟಲಿನ ದ್ರವದ ಆರ್‌ಟಿ-ಪಿಸಿಆರ್, ರಕ್ತಪರೀಕ್ಷೆ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನಲ್ಲಿ ಆಮ್ಲಜನಕದ ಮಟ್ಟ ನೋಡುತ್ತಾರೆ. ಪೆಟ್ ಜೊತೆಗಿನ ಸಿಟಿಯನ್ನು ಹೆಚ್ಚಾಗಿ ಕಡಿಮೆ ವಿಕಿರಣದಲ್ಲಿ, ಉಸಿರು ಹಿಡಿಸದೆ ತೆಗೆಯುವುದರಿಂದ ಚಿತ್ರ ಅಷ್ಟು ಚುರುಕಾಗಿರುವುದಿಲ್ಲ. ಎದೆಯ ಪ್ರತ್ಯೇಕ ಸಿಟಿ ಬೇಕೆಂದರೆ ಹಣ ಕೀಳುವ ತಂತ್ರವೆಂದು ಮುನಿಸಿಕೊಳ್ಳಬೇಡಿ. ಫಲಿತಾಂಶ ಬರುವವರೆಗೆ ಮಾಸ್ಕ್ ಧರಿಸಿ. ಕೀಮೋ ವಿಭಾಗಕ್ಕೆ ಹೇಳದೆ ಹೋಗಬೇಡಿ. ಅಲ್ಲಿ ಕುಳಿತವರೆಲ್ಲರ ರೋಗನಿರೋಧಕ ಶಕ್ತಿಯೂ ನಿಮ್ಮಂತೆಯೇ ಕುಗ್ಗಿರುತ್ತದೆ.

ಕೀಮೋ ಮುಂದೂಡಬೇಕೆ ಎಂಬುದು ವೈದ್ಯರ ನಿರ್ಧಾರ. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಹಳೆಯ ಸ್ಟೀರಾಯ್ಡ್ ಹುಡುಕಿ ನುಂಗಬೇಡಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಥವಾ ಉಸಿರಾಟ ಕಷ್ಟವಾದರೆ ಫೋನ್ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಕೀಮೋ ನಂತರ ಬಿಳಿ ರಕ್ತಕಣ ಇಳಿದಿದ್ದಾಗ ಬರುವ ಜ್ವರವನ್ನು ಮನೆಯಲ್ಲಿ ನಿಭಾಯಿಸುವಂತಿಲ್ಲ.

ಸೋಂಕು ವಾಸಿಯಾದ ಮೇಲೂ ಮಸುಕು ಕರಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕಾಗುತ್ತವೆ. ಮರುಸ್ಕ್ಯಾನ್ ಯಾವಾಗ ಎಂದು ವೈದ್ಯರನ್ನು ಕೇಳಿಕೊಳ್ಳಿ. ಹೋಗುವಾಗ ಹಳೆಯ ಸ್ಕ್ಯಾನ್‌ನ ಸಿಡಿಯನ್ನೂ ಒಯ್ಯಿರಿ. ಬರೀ ಕಾಗದದ ವರದಿ ಕೊಟ್ಟರೆ, ಮಸುಕು ಎಷ್ಟು ಕರಗಿದೆ ಎಂದು ರೇಡಿಯಾಲಜಿಸ್ಟ್ ಚಿತ್ರದ ಪಕ್ಕ ಚಿತ್ರವಿಟ್ಟು ನೋಡಲಾಗುವುದಿಲ್ಲ.