300 ಲೀಟರಿಗೆ 300 ವ್ಯಾಟ್ ಬೇಕಿಲ್ಲ: ನನ್ನ ರೀಫ್ ಟ್ಯಾಂಕಿನ ಹೀಟರ್ ಅನುಭವ

ಬೆಂಗಳೂರಲ್ಲಿ ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಇಟ್ಟವರು ಸೇರಿದರೆ ಮಾತೆಲ್ಲ ನೀರು ತಣ್ಣಗಿಡುವ ಚಿಲ್ಲರ್ ಬಗ್ಗೆಯೇ. ಹೀಟರ್ ಬಗ್ಗೆ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡು 100 ವ್ಯಾಟಿನ ಹೀಟರ್ ಸಾಕು ಅಂತ ನಾನು ಹೇಳಿದಾಗ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. ಮಂಗಳೂರಿನವನೊಬ್ಬ "ನಿಮಗೆ ಹೀಟರೇ ಯಾಕೆ ಮಾರಾಯಾ?" ಅಂದ. ಅಂಗಡಿಯವರು "ಲೀಟರಿಗೆ ಒಂದು ವ್ಯಾಟ್ ಸಾರ್, 300ರದ್ದೇ ತಗೊಳ್ಳಿ" ಅಂದರು. ಈಗ ಮೂರು ಚಳಿಗಾಲ ದಾಟಿದೆ. ಸಂಜೆಗೂ ಬೆಳಗ್ಗೆಗೂ ಅರ್ಧ ಡಿಗ್ರಿ ವ್ಯತ್ಯಾಸ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ನಾಲ್ಕಡಿ ಟ್ಯಾಂಕ್. ಸಂಪ್ (ಪಂಪು, ಹೀಟರ್ ಇಡುವ ಪಕ್ಕದ ತೊಟ್ಟಿ) ಸೇರಿಸಿ, ಕಲ್ಲಿನ ಜಾಗ ಕಳೆದರೆ ಹೆಚ್ಚುಕಡಿಮೆ 300 ಲೀಟರ್ ನೀರು. ಕಲ್ಲು ಹವಳಗಳಿಗೆ ನಮ್ಮ ದೇಶದಲ್ಲಿ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಅವುಗಳ ತಂಟೆಗೆ ನಾನು ಹೋಗಿಲ್ಲ. ಜೋಯಾ, ಲೆದರ್, ಮಶ್ರೂಮ್ ಅನ್ನುವ ಮೆತ್ತನೆ ಹವಳಗಳು, ಒಂದು ಜೊತೆ ಕ್ಲೌನ್ ಮೀನು, ಒಂದು ಟ್ಯಾಂಗ್ ಮೀನು.

ಮೊದಲನೇ ಚಳಿಗಾಲ ಹೀಟರ್ ಇಲ್ಲದೆಯೇ ಕಳೆಯಿತು. ಜನವರಿಯಲ್ಲಿ ನಮ್ಮ ಹಾಲ್ ರಾತ್ರಿ 21 ಡಿಗ್ರಿಗೆ ಇಳಿಯುತ್ತದೆ. ಸಂಜೆ 26 ಇದ್ದ ನೀರು ಬೆಳಗ್ಗೆ 24ಕ್ಕಿಂತ ಕೆಳಗೆ. ಹೀಗೇ ಎರಡು ವಾರ ನಡೆದ ಮೇಲೆ ಟ್ಯಾಂಗ್ ಮೈಮೇಲೆ ಬಿಳಿ ಚುಕ್ಕೆ ಕಾಣಿಸಿಕೊಂಡಿತು. ಅಂಗಡಿಯವರ ಮಾತು ಕೇಳಿ ಸುಮಾರು 1,400 ರೂಪಾಯಿ ಕೊಟ್ಟು 300 ವ್ಯಾಟಿನ ಗಾಜಿನ ಹೀಟರ್ ತಂದೆ.

ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಬೆಳಗ್ಗೆ ಎದ್ದು ನೋಡಿದರೆ ಥರ್ಮಾಮೀಟರ್ 33ರ ಮೇಲಿದೆ. ಟ್ಯಾಂಗ್ ಮೇಲೆ ಬಂದು ಬಾಯಿ ಬಡಿಯುತ್ತಿತ್ತು. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಅಲ್ವಾ. ಎರಡು ಕ್ಲೀನರ್ ಸೀಗಡಿಗಳು ಬೇಯಿಸಿದ ಹಾಗೆ ಬೆಳ್ಳಗಾಗಿ ಬಿದ್ದಿದ್ದವು. ವಾರದೊಳಗೆ ಟ್ಯಾಂಗೂ ಹೋಯಿತು. ದೊಡ್ಡ ಲೆದರ್ ಕರಗಿ ನೀರೆಲ್ಲ ಕೆಟ್ಟಿತು. ಎಲ್ಲ ಸೇರಿ 20,000 ರೂಪಾಯಿ ಹತ್ತಿರ ನಷ್ಟ. ಹೀಟರ್ ಬಿಚ್ಚಿ ನೋಡಿದೆ. ಒಳಗಿನ ಥರ್ಮೋಸ್ಟಾಟ್ ಪಟ್ಟಿಯ ಎರಡು ಪಾಯಿಂಟ್ ಸಾಸಿವೆ ಕಾಳಿನಷ್ಟು ಜಾಗದಲ್ಲಿ ಕಪ್ಪಗಾಗಿ ಬೆಸೆದುಕೊಂಡಿದ್ದವು, ಹೀಟರ್ ಆರಿರಲೇ ಇಲ್ಲ. ಸ್ಕ್ರೂಡ್ರೈವರ್ ತುದಿಯಿಂದ ಮೀಟಿದರೆ 'ಟಕ್' ಅಂತ ಬಿಟ್ಟುಕೊಂಡಿತು. ಅಷ್ಟೇ ರಿಪೇರಿ. ಅಷ್ಟಕ್ಕೆ ನನ್ನ ಟ್ಯಾಂಕ್ ಹೋಗಿತ್ತು.

ಆವತ್ತಿನಿಂದ ವ್ಯಾಟ್ ಪಟ್ಟಿ ನೋಡುವುದು ಬಿಟ್ಟು ನನ್ನ ಟ್ಯಾಂಕನ್ನೇ ಅಳೆದೆ. ಡಿಸೆಂಬರ್ ಕೊನೆಯಲ್ಲಿ, ಪಂಪುಗಳೆಲ್ಲ ಓಡುತ್ತಿರುವಾಗ, ರಾತ್ರಿ 11ಕ್ಕೆ ಹೀಟರ್ ಆರಿಸಿದೆ. ಆಗ 25.5 ಇತ್ತು. ಬೆಳಗ್ಗೆ 6ಕ್ಕೆ 24. ಅಂದರೆ ಏಳು ಗಂಟೆಯಲ್ಲಿ ಒಂದೂವರೆ ಡಿಗ್ರಿ. 300 ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 350 ವ್ಯಾಟ್ ಅವರ್ ಬೇಕು. ಒಂದೂವರೆಗೆ 525. ಏಳರಿಂದ ಭಾಗಿಸಿ: 75 ವ್ಯಾಟ್! ನೀರನ್ನು ಇಳಿಯಲು ಬಿಡದೆ 25.5ರಲ್ಲೇ ಹಿಡಿದಿಡಬೇಕಲ್ಲ, ಅದಕ್ಕೆ ಸ್ವಲ್ಪ ಸೇರಿಸಿ 90 ಅಂತ ಇಟ್ಟುಕೊಂಡೆ. ಮೂರು ರಾತ್ರಿ ಇದನ್ನೇ ಮಾಡಿದೆ, ಲೆಕ್ಕ ಹೆಚ್ಚೇನೂ ಬದಲಾಗಲಿಲ್ಲ.

ಹಾಗಾಗಿ 100ರದ್ದು ಎರಡು ತಂದೆ, ಒಂದೊಂದಕ್ಕೆ 1,800 ಇರಬೇಕು. ಒಂದು ಕೆಟ್ಟು ನಿಂತರೂ ಇನ್ನೊಂದು ರಾತ್ರಿ ದಾಟಿಸುತ್ತದೆ. ಆನ್ ಆಗಿಯೇ ಸಿಕ್ಕಿಕೊಂಡರೆ? ಅದನ್ನೂ ನೋಡಿದೆ. ಜನವರಿಯ ಒಂದು ಭಾನುವಾರ ಒಂದು ಹೀಟರನ್ನು ಬೇಕಂತಲೇ ನಿಲ್ಲಿಸದೆ ಓಡಿಸಿ, ಇಡೀ ದಿನ ಟ್ಯಾಂಕ್ ಮುಂದೆ ಕೂತೆ. 28.4ರ ಹತ್ತಿರ ಬಂದು ನಿಂತುಬಿಟ್ಟಿತು. ಯಾವ ಜೀವಕ್ಕೂ ಏನೂ ಆಗಲಿಲ್ಲ. ಆ ಸಂಜೆ ಆದಷ್ಟು ಖುಷಿ ಟ್ಯಾಂಕ್ ಇಟ್ಟ ಮೇಲೆ ಮತ್ತೆಂದೂ ಆಗಿಲ್ಲ.

ಒಂದು ಹೀಟರ್ ಇಂಕ್‌ಬರ್ಡ್ ಕಂಟ್ರೋಲರಿಗೆ, ಇನ್ನೊಂದು ಅಗ್ಗದ ಎಸ್‌ಟಿಸಿ-1000ಕ್ಕೆ. ಮೊದಲನೆಯದು 25.6, ಎರಡನೆಯದು 25.3. ಮೊದಲನೆಯದು ಸೋತರೆ ಮಾತ್ರ ಎರಡನೆಯದು ಏಳುತ್ತದೆ. ಹೀಟರಿನ ಸ್ವಂತ ಗುಂಡಿಯನ್ನು 26.5ಕ್ಕೆ ಇಟ್ಟಿದ್ದೇನೆ. ದಿನವೂ ಆನ್-ಆಫ್ ಮಾಡುವುದು ಕಂಟ್ರೋಲರ್, ಹೀಟರಿನ ಪಾಯಿಂಟ್ ಸವೆಯುವುದಿಲ್ಲ. ಒಮ್ಮೆ ಕಂಟ್ರೋಲರಿನ ತಾಪ ಅಳೆಯುವ ಪ್ರೋಬ್ ಜಾರಿ ನೀರಿನಿಂದ ಹೊರಗೆ ನೇತಾಡಿ, ಕಂಟ್ರೋಲರ್ ಹಾಲಿನ ಗಾಳಿಯ 22 ಡಿಗ್ರಿ ನೋಡಿ ರಾತ್ರಿಯಿಡೀ ಹೀಟರ್ ಓಡಿಸಿತು. ಈ 26.5ರ ಗುಂಡಿಯೇ ಕಾಪಾಡಿತು. ಆಮೇಲೆ ರಬ್ಬರ್ ಕಪ್ ನಂಬುವುದು ಬಿಟ್ಟೆ. ಈಗ ಪ್ರೋಬ್ ಕೂರಿಸುವ ರೀತಿ ನನ್ನದೇ, ಅದನ್ನು ಇಲ್ಲಿ ಬರೆಯಲ್ಲ. ಮನೆಗೆ ಬಂದರೆ ತೋರಿಸುತ್ತೇನೆ.

ಜಾಗದ ವಿಷಯ. ಸಂಪಿನಲ್ಲಿ ರಿಟರ್ನ್ ಪಂಪ್ (ನೀರನ್ನು ಟ್ಯಾಂಕಿಗೆ ವಾಪಸ್ ಕಳಿಸುವ ಪಂಪ್) ಇರುವ ಖಾನೆಯಲ್ಲಿ ಹೀಟರ್ ಇಡಬೇಡಿ. ನೀರು ಆವಿಯಾದಾಗ ಮಟ್ಟ ಇಳಿಯುವುದು ಅಲ್ಲೇ. ಊರಿಗೆ ಹೋಗಿದ್ದಾಗ ನನ್ನದೊಂದು ಹೀಟರ್ ಅಲ್ಲಿ ಅರ್ಧ ಹೊರಗೆ ಬಂದಿತ್ತು. ಕಡಿಮೆಯಾದ ನೀರನ್ನು ತಾನೇ ತುಂಬುವ ಎಟಿಒ ತಣ್ಣೀರು ಸುರಿದ ಕೂಡಲೇ ಗಾಜು ಸೀಳಿ, ಕರೆಂಟ್ ಸೋರಿದರೆ ಲೈನ್ ಕಡಿಯುವ ಇಎಲ್‌ಸಿಬಿ ಬಿದ್ದು, ಇಡೀ ಟ್ಯಾಂಕ್ ಸುಮಾರು ಐದು ಗಂಟೆ ನಿಂತಿತ್ತು. ಇಎಲ್‌ಸಿಬಿ ಇಲ್ಲದಿದ್ದರೆ ನೀರಿಗೆ ಕೈ ಹಾಕಿದವರ ಗತಿ ಏನು? ಈಗ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರಿನ ಖಾನೆಯಲ್ಲಿ ಅಡ್ಡ ಮಲಗಿಸಿದ್ದೇನೆ, ಅಲ್ಲಿ ಮಟ್ಟ ಬದಲಾಗುವುದಿಲ್ಲ.

ಸುಮ್ನೆ ಕುತೂಹಲಕ್ಕೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಹಿಂಭಾಗಕ್ಕೆ, ಸಂಪಿನ ಸುತ್ತ ಥರ್ಮೋಕೋಲ್ ಹಚ್ಚಿದೆ. ರಾತ್ರಿಯ ಇಳಿತ 1.5ರಿಂದ 1.2ಕ್ಕೆ ಬಂತು. ಮೇಲೆ ಗಾಜಿನ ಮುಚ್ಚಳ ಹಾಕಿದರೆ ಒಂದು ಡಿಗ್ರಿಗೂ ಕಡಿಮೆ, ಆದರೆ ಪಿಎಚ್ ಬಿತ್ತು. ಮುಚ್ಚಳ ತೆಗೆದು ಮತ್ತೆ ಬಲೆಯನ್ನೇ ಹಾಕಿದೆ. ಇನ್ನೊಂದು: 60 ವ್ಯಾಟಿನ ಹಳೇ ಪಂಪ್ ತೆಗೆದು 25 ವ್ಯಾಟಿನ ಡಿಸಿ ಪಂಪ್ ಹಾಕಿದಾಗ ಕರೆಂಟ್ ಬಿಲ್ ಇಳಿಯುತ್ತದೆ ಅಂದುಕೊಂಡಿದ್ದೆ. ಬೇಸಿಗೆಯಲ್ಲಿ ಇಳಿಯಿತು, ಡಿಸೆಂಬರಿನಲ್ಲಿ ಇಲ್ಲ. ಪಂಪ್ ಕೊಡುತ್ತಿದ್ದ ಶಾಖವನ್ನು ಹೀಟರ್ ಕೊಡಬೇಕಾಯಿತು.

ಇನ್ವರ್ಟರಿಗೆ ಹೀಟರ್ ಕೊಟ್ಟಿಲ್ಲ, ವೇವ್‌ಮೇಕರ್ ಮಾತ್ರ. ಮೂರು ಗಂಟೆ ಕರೆಂಟ್ ಹೋದರೆ ಒಂದು ಡಿಗ್ರಿ ಇಳಿಯಬಹುದು. ಅದರಿಂದ ಮೀನು ಸಾಯುವುದಿಲ್ಲ, ನೀರು ಅಲ್ಲಾಡದಿದ್ದರೆ ಸಾಯುತ್ತದೆ.

ಥರ್ಮಾಮೀಟರ್ ನಂಬುವ ಮೊದಲು ಪುಡಿ ಮಾಡಿದ ಐಸ್ ಮತ್ತು ನೀರು ತುಂಬಿದ ಲೋಟದಲ್ಲಿ ಅದ್ದಿ, ಸೊನ್ನೆ ತೋರಿಸುತ್ತದಾ ನೋಡಿ. ನನ್ನ ಬಳಿ ಇದ್ದ ಮೂರರಲ್ಲಿ ಒಂದು ಒಂದೂವರೆ ಡಿಗ್ರಿ ಸುಳ್ಳು ಹೇಳುತ್ತಿತ್ತು.

ಕಂಟ್ರೋಲರ್ ಎರಡು, ಹೀಟರ್ ಎರಡು, ವೈರಿಂಗ್ ಎಲ್ಲ ಸೇರಿ 9,000 ಒಳಗೆ ಮುಗಿಯಿತು. ತಿಂಗಳಿಗೊಮ್ಮೆ ಹೀಟರುಗಳ ಪ್ಲಗ್ ಅದಲು ಬದಲು ಮಾಡುತ್ತೇನೆ. ಎರಡು ವರ್ಷ ತುಂಬಿದ ಹೀಟರ್ ಎಷ್ಟೇ ಚೆನ್ನಾಗಿದ್ದರೂ ಟ್ಯಾಂಕಿನಿಂದ ತೆಗೆದು, ಉಪ್ಪು ನೀರು ಕಲಸುವ ಡ್ರಮ್ಮಿಗೆ ಹಾಕುತ್ತೇನೆ.